ಇಷ್ಟದ ವಿಡಿಯೋ ಗೇಮನ್ನು ಕಾರ್ಡ್ ಆಟ ಮಾಡುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಲ್ಡನ್ ರಿಂಗ್ ನನ್ನ ಅಚ್ಚುಮೆಚ್ಚಿನ ವಿಡಿಯೋ ಗೇಮ್. ಅದನ್ನು ಇಟ್ಟುಕೊಂಡು ಹಾಸ್ಟೆಲ್ ಗೆಳೆಯರ ಜೊತೆ ಆಡಲು ತಂತ್ರದ ಕಾರ್ಡ್ ಆಟವೊಂದನ್ನು ಮಾಡುತ್ತಿದ್ದೇನೆ. ಈಗ 140 ಕಾರ್ಡ್ ಆಗಿವೆ. ಇಬ್ಬರಿಗೂ 60ರ ಒಂದೊಂದು ಡೆಕ್ (ಕಾರ್ಡುಗಳ ಕಟ್ಟು), ಮೇಲೆ 20 ಆಯುಧದ ಕಾರ್ಡ್. ಪ್ರತಿ ಕಾರ್ಡಿನಲ್ಲೂ ಜೀವ, ಬಲ, ರಕ್ಷಣೆ, ಮಂತ್ರ, ಸ್ಟ್ಯಾಮಿನಾ (ದಮ್ಮು), ತೂಕ ಅಂತ ಆರು ಅಂಕಿ. ಒಂದು ಆಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಗೆಳೆಯರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಬೇಕಾದ ಕಾರ್ಡ್ ಬೇಕಾದಾಗ ಕೈಗೆ ಬರುವುದೇ ಇಲ್ಲ. ಎಲ್ಲಿ ಸರಿ ಮಾಡಬೇಕು? ಮುಂದೆ ಪ್ರಿಂಟ್ ಹಾಕಿಸಿ ಮಾರಬಹುದಾ?

ಉತ್ತರ: ನಿಮ್ಮ ಕಾರ್ಡುಗಳ ಪಟ್ಟಿಯನ್ನು ಪೂರ್ತಿ ಓದಿದೆ. ಆ ಗೇಮನ್ನು ಎಷ್ಟು ಮನಸ್ಸಿಟ್ಟು ಆಡಿದ್ದೀರಿ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ನೆನಪಿಗೆ ಬಂದ ಒಂದು ಕತ್ತಿಯನ್ನೂ ಬಿಟ್ಟಿಲ್ಲ, ಒಂದು ಮಂತ್ರವನ್ನೂ ಬಿಟ್ಟಿಲ್ಲ. ನಿಮ್ಮ ಗೆಳೆಯರು ಎದ್ದು ಹೋಗುತ್ತಿರುವುದು ಅದಕ್ಕೇ. ವಿಡಿಯೋ ಗೇಮಿನಲ್ಲಿ ಈ ಆರು ಅಂಕಿಗಳ ಕೂಡು-ಕಳೆಯನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಆಡುವವರಿಗೆ ಕಾಣುವುದು ಕೆಂಪು, ನೀಲಿ, ಹಸಿರು ಅಂತ ಮೂರು ಗೆರೆ ಮಾತ್ರ. ಮೇಜಿನ ಮೇಲೆ ಆ ಲೆಕ್ಕವೆಲ್ಲ ಎದುರಿಗೆ ಕೂತವರ ತಲೆಗೆ ಬೀಳುತ್ತದೆ. ಒಂದು ಏಟಿನಿಂದ ಎಷ್ಟು ಕಳೆಯಬೇಕು ಅಂತ ಇಬ್ಬರೂ ಪೆನ್ನು ಹಿಡಿದು ಕೂತರೆ, ಹೊಡೆದ ಖುಷಿ ಎಲ್ಲಿ ಉಳಿಯುತ್ತದೆ?

ನಾನು ಹೇಳುವುದು ಇಷ್ಟೇ. ಆ ಗೇಮಿನ ಸಾಮಾನುಗಳನ್ನೆಲ್ಲ ಸದ್ಯಕ್ಕೆ ಅಲ್ಲೇ ಬಿಡಿ. ಅದು ಆಡುವವರನ್ನು ಮತ್ತೆ ಮತ್ತೆ ಒಂದು ಇಕ್ಕಟ್ಟಿಗೆ ಸಿಲುಕಿಸುತ್ತದಲ್ಲ, ಆ ಒಂದು ಇಕ್ಕಟ್ಟನ್ನು ಹಿಡಿದು ತನ್ನಿ. ಉಳಿದದ್ದೆಲ್ಲ ಅದರ ಹಿಂದೆ ತಾನೇ ಬರುತ್ತದೆ.

ಎಲ್ಡನ್ ರಿಂಗಿನಲ್ಲಿ ಆ ಇಕ್ಕಟ್ಟು ಯಾವುದು? ಮಾರ್ಗಿಟ್ ಅನ್ನುವ ದೊಡ್ಡ ಶತ್ರುವಿನ ಎದುರು ಮೊದಲ ಸಲ ನಿಂತಾಗ ಏನಾಯಿತು ನೆನಪು ಮಾಡಿಕೊಳ್ಳಿ. ಅವನು ಕೋಲು ಎತ್ತುತ್ತಾನೆ. ಈಗ ಬೀಳುತ್ತದೆ ಅಂತ ನೀವು ಉರುಳುತ್ತೀರಿ. ಕೋಲು ಇನ್ನೂ ಮೇಲೆಯೇ ಇದೆ. ನೀವು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಅದು ತಲೆ ಮೇಲೆ ಬೀಳುತ್ತದೆ. ದಮ್ಮು ತೋರಿಸುವ ಹಸಿರು ಗೆರೆ ಖಾಲಿ, ಇನ್ನೊಂದು ಸಲ ಉರುಳಲು ಆಗುವುದಿಲ್ಲ. ಇನ್ನೊಂದೇ ಏಟು ಹೊಡೆದು ಬಿಡೋಣ ಅಂತ ಆಸೆಪಟ್ಟರೆ ಸತ್ತ ಹಾಗೆಯೇ. ಒಮ್ಮೆ ಕತ್ತಿ ಬೀಸಿದ ಮೇಲೆ ನಡುವೆ ಬೇಡ ಅಂತ ಹಿಂದಕ್ಕೆ ಎಳೆದುಕೊಳ್ಳಲೂ ಆಗುವುದಿಲ್ಲ. ಅಂದರೆ ಅಲ್ಲಿರುವುದು ಎರಡೇ ವಿಷಯ. ದಮ್ಮು ಉಳಿಸಿಕೊಳ್ಳಬೇಕಾ, ಖರ್ಚು ಮಾಡಬೇಕಾ ಅನ್ನುವುದು ಒಂದು. ಏಟು ಯಾವ ಗಳಿಗೆಗೆ ಬೀಳುತ್ತದೆ ಅನ್ನುವುದು ಇನ್ನೊಂದು. ನಿಮ್ಮ 140 ಕಾರ್ಡುಗಳಲ್ಲಿ ಸ್ಟ್ಯಾಮಿನಾ ಅಂತ ಒಂದು ಅಂಕಿ ಇದೆ, ನಿಜ. ಆದರೆ ಗಳಿಗೆ ಅನ್ನುವುದು ಎಲ್ಲೂ ಇಲ್ಲ. ಆ ಗೇಮಿನ ಪ್ರಾಣವೇ ಅಲ್ಲಿ ಬಿಟ್ಟುಹೋಗಿದೆ.

ಚೆನ್ನಾಗಿ ನಿಂತ ಆಟಗಳನ್ನು ನೋಡಿ. 2015ರ ವಿಚರ್ 3 ಗೇಮಿನೊಳಗೆ ಗ್ವೆಂಟ್ ಅಂತ ಕಾರ್ಡ್ ಆಟವಿತ್ತು. ಜನ ಅದನ್ನು ಎಷ್ಟು ಹಚ್ಚಿಕೊಂಡರು ಅಂದರೆ 2018ರಲ್ಲಿ ಅದೇ ಬೇರೆ ಗೇಮಾಗಿ ಹೊರಬಂತು. ವಿಚರ್ 3ರೊಳಗಿನ ಗ್ವೆಂಟ್‌ನಲ್ಲಿ ಒಬ್ಬರಿಗೆ ಕೈಯಲ್ಲಿ 10 ಕಾರ್ಡ್. ಮೂರು ಸುತ್ತು, ಎರಡು ಗೆದ್ದವರು ಗೆದ್ದಂತೆ. ಸುತ್ತಿನಿಂದ ಸುತ್ತಿಗೆ ಹೊಸ ಕಾರ್ಡ್ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಈ ಸುತ್ತು ಬಿಟ್ಟುಕೊಡಲಾ, ಇನ್ನೊಂದು ಕಾರ್ಡ್ ಹಾಕಲಾ ಅನ್ನುವ ಒಂದೇ ಪ್ರಶ್ನೆಯ ಮೇಲೆ ಇಡೀ ಆಟ ನಿಂತಿದೆ. ಯೋಧರ ಪ್ರತಿ ಕಾರ್ಡಿನಲ್ಲಿ ಬಲದ ಅಂಕಿ ಒಂದೇ. 2019ರ ಸ್ಲೇ ದ ಸ್ಪೈರ್‌ನಲ್ಲಿ ಮುಂದಿನ ಸರದಿಗೆ ಶತ್ರು ಏನು ಮಾಡುತ್ತಾನೆ ಅಂತ ಅವನ ತಲೆ ಮೇಲೆ ಮೊದಲೇ ತೋರಿಸುತ್ತಾರೆ. ಗೊತ್ತಿದ್ದೂ ತಪ್ಪಿಸಿಕೊಳ್ಳಲು ಕಾರ್ಡ್ ಸಾಲದು, ಅದೇ ಅಲ್ಲಿನ ಬಿಸಿ. 2017ರ ಗ್ಲೂಮ್‌ಹೇವನ್ ಮೇಜಿನ ಮೇಲೆ ಆಡುವ ಆಟ. ಅದರಲ್ಲಿ ಕೈಯಲ್ಲಿರುವ ಕಾರ್ಡುಗಳೇ ನಿಮ್ಮ ಕಸುವು. ಅವು ಮುಗಿದರೆ ನೀವು ಸುಸ್ತಾಗಿ ಆಟದಿಂದ ಹೊರಗೆ. ಬೇರೆ ಗೆರೆ ಬೇಡ, ಬೇರೆ ಅಂಕಿ ಬೇಡ. ಈ ಕೊನೆಯ ಉಪಾಯ ನಿಮಗೆ ತುಂಬ ಬೇಕಾದದ್ದು.

ತಂತ್ರದ ಆಟ ಅಂತ ನೀವು ಬರೆದಿದ್ದೀರಿ. ಕಾರ್ಡನ್ನು ಎಲ್ಲಿ ಇಟ್ಟರೂ ಒಂದೇ ಅನ್ನುವಂತಿದ್ದರೆ ಅದು ತಂತ್ರದ ಆಟ ಆಗುವುದಿಲ್ಲ. 1999ರ ಫೈನಲ್ ಫ್ಯಾಂಟಸಿ 8ರಲ್ಲಿ ಟ್ರಿಪಲ್ ಟ್ರಯಾಡ್ ಅಂತ ಪುಟ್ಟ ಆಟವಿದೆ. ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಮನೆ. ಕಾರ್ಡಿನ ನಾಲ್ಕು ಬದಿಗೆ ನಾಲ್ಕು ಅಂಕಿ. ಪಕ್ಕದ ಕಾರ್ಡಿನ ಅಂಕಿಗಿಂತ ನಿಮ್ಮದು ದೊಡ್ಡದಾದರೆ ಅದು ನಿಮ್ಮದಾಗುತ್ತದೆ. ಒಳ್ಳೆಯ ಕಾರ್ಡನ್ನು ತಪ್ಪು ಮನೆಯಲ್ಲಿಟ್ಟರೆ ಕೈತಪ್ಪಿತು. ನಿಮ್ಮ ಆಟದಲ್ಲಿ ಮನೆ ಅಂತ ಒಂದೂ ಇಲ್ಲ. ಎಲ್ಲರೂ ಮೇಜಿನ ನಡುವೆ ಕಾರ್ಡ್ ಸುರಿಯುತ್ತಾರೆ, ದೊಡ್ಡ ಅಂಕಿಯವರು ಗೆಲ್ಲುತ್ತಾರೆ.

ಈಗ ನಿಮ್ಮದೇ ಆಟವನ್ನು 20 ಕಾರ್ಡಿಗೆ ಇಳಿಸಿ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಕೈಯಲ್ಲಿ ಚೀಟಿ ಹಿಡಿದು ಆಡುತ್ತಾ ಓದಿದರೆ ಇನ್ನೂ ಒಳ್ಳೆಯದು.

ಮೊದಲು ಮನೆಗಳು. ಪ್ರತಿ ಸುತ್ತಿಗೂ ನಿಮ್ಮ ಮುಂದೆ ಒಂದು, ಎರಡು, ಮೂರು ಅಂತ ಸಾಲಾಗಿ ಮೂರು ಮನೆ. ಇವು ಜಾಗವಲ್ಲ, ಗಳಿಗೆ. ಒಂದನೇ ಮನೆಯಲ್ಲಿಟ್ಟದ್ದು ಮೊದಲು ನಡೆಯುತ್ತದೆ, ಮೂರನೆಯದು ಕೊನೆಗೆ. ಕಾರ್ಡುಗಳನ್ನು ಬೋರಲಾಗಿ ಇಡಬೇಕು. ಇಟ್ಟ ಮೇಲೆ ಬದಲಾಯಿಸುವಂತಿಲ್ಲ. ಬೀಸಿದ ಕತ್ತಿಯನ್ನು ಹಿಂದಕ್ಕೆ ಎಳೆಯಲಾಗದು ಅನ್ನುವುದು ಇದರಲ್ಲೇ ಬಂತು, ಅದಕ್ಕೆ ಬೇರೆ ನಿಯಮ ಬೇಡ.

ವೀರನ ಕೈಯಲ್ಲಿ 10 ಕಾರ್ಡ್. ನಾಲ್ಕು ‘ಹೊಡಿ’, ಮೂರು ‘ಉರುಳು’, ಎರಡು ‘ಭಾರಿ ಹೊಡೆತ’, ಒಂದು ‘ಸೀಸೆ’. ಹೊಡಿ ಅಂದರೆ ಬಾಸ್‌ಗೆ, ಅಂದರೆ ಮಾರ್ಗಿಟ್‌ನಂಥ ದೊಡ್ಡ ಶತ್ರುವಿಗೆ, 1 ಏಟು. ಉರುಳು ಅಂದರೆ ಆ ಮನೆಯ ಗಳಿಗೆಯಲ್ಲಿ ಬಿದ್ದ ಏಟು ನಿಮಗೆ ತಾಗುವುದಿಲ್ಲ. ಭಾರಿ ಹೊಡೆತ ಅಕ್ಕಪಕ್ಕದ ಎರಡು ಮನೆ ಹಿಡಿಯುತ್ತದೆ, 3 ಏಟು ಕೊಡುತ್ತದೆ. ಆದರೆ ಆ ಎರಡರಲ್ಲಿ ಯಾವ ಮನೆಯಲ್ಲಿ ಬಾಸ್ ಹೊಡೆದರೂ ನಿಮ್ಮ ಹೊಡೆತ ವ್ಯರ್ಥ. ಸೀಸೆಯ ಮಾತು ಆಮೇಲೆ.

ದಮ್ಮಿಗೆ ಅಂತ ಅಂಕಿ ಬೇಡ. ಆಡಿದ ಕಾರ್ಡ್ ಪಕ್ಕದ ರಾಶಿಗೆ ಹೋಗುತ್ತದೆ. ಒಂದು ಮನೆಯನ್ನು ಖಾಲಿ ಬಿಟ್ಟರೆ ಸುತ್ತಿನ ಕೊನೆಗೆ ಆ ರಾಶಿಯಿಂದ ನಿಮಗಿಷ್ಟವಾದ ಎರಡು ಕಾರ್ಡ್ ಕೈಗೆ ವಾಪಸ್. ಆದರೆ ಖಾಲಿ ಬಿಟ್ಟ ಮನೆಯಲ್ಲೇ ಏಟು ಬಿದ್ದರೆ ಏನೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಸುತ್ತಿಗೆ ಒಂದು ಮನೆ ಖಾಲಿ ಬಿಟ್ಟು ಎರಡು ಕಾರ್ಡ್ ಆಡಿದರೆ ಹೋದಷ್ಟೇ ವಾಪಸ್ ಬರುತ್ತದೆ, ದಮ್ಮು ಹಾಗೇ ನಿಲ್ಲುತ್ತದೆ. ಬಿಡದೆ ಮೂರು ಮೂರು ಆಡಿದರೆ ಮೂರೇ ಸುತ್ತಿಗೆ ಕೈಯಲ್ಲಿ ಒಂದು ಕಾರ್ಡ್ ಉಳಿಯುತ್ತದೆ. ಹಸಿರು ಗೆರೆ ಮಾಡುತ್ತಿದ್ದ ಕೆಲಸವನ್ನು ಈಗ ನಿಮ್ಮ ಕೈಯೇ ಮಾಡುತ್ತಿದೆ.

ಜೀವಕ್ಕೂ ಅಂಕಿ ಬೇಡ. ಏಟು ತಿಂದರೆ ಕೈಯಿಂದ ಒಂದು ಕಾರ್ಡ್ ಆಟದಿಂದಲೇ ಹೊರಗೆ, ಬಾಸ್‌ನ ಏಟು ಭಾರಿಯದಾದರೆ ಎರಡು. ಕೈ ಖಾಲಿಯಿದ್ದರೆ ರಾಶಿಯಿಂದ ತೆಗೆಯಿರಿ. ಎರಡೂ ಸೇರಿ ಮೂರಕ್ಕಿಂತ ಕಡಿಮೆ ಉಳಿದರೆ ಸೋಲು. ಗಾಯವಾದಷ್ಟೂ ದಮ್ಮು ಕುಗ್ಗುತ್ತದೆ, ಗಾಬರಿ ಜಾಸ್ತಿಯಾಗುತ್ತದೆ. ಸೀಸೆ ಆಟಕ್ಕೆ ಒಂದೇ ಸಲ. ಅದನ್ನಿಟ್ಟ ಮನೆಯಲ್ಲಿ ಏಟು ಬೀಳದಿದ್ದರೆ ಹೊರಹೋದ ಎರಡು ಕಾರ್ಡ್ ವಾಪಸ್ ಬರುತ್ತವೆ.

ಇನ್ನು ಬಾಸ್. ಅವನ ಡೆಕ್ಕು 8 ಕಾರ್ಡಿನದು, ಜೀವ 12. ಕಾರ್ಡಿನ ಬೆನ್ನಿನ ಮೇಲೆ ‘ಭಾರಿ’ ಅಥವಾ ‘ಚುರುಕು’ ಅಂತ ಬರೆದಿರಲಿ. ಮುಖದ ಮೇಲೆ ಏಟು ಯಾವ ಮನೆಯಲ್ಲಿ ಬೀಳುತ್ತದೆ ಅನ್ನುವ ಅಂಕಿ ಇರಲಿ. ಭಾರಿಯ ನಾಲ್ಕು ಕಾರ್ಡುಗಳಲ್ಲಿ ಒಂದರ ಮೇಲೆ 2, ಉಳಿದ ಮೂರರ ಮೇಲೆ 3. ಚುರುಕಿನ ನಾಲ್ಕರಲ್ಲಿ ಮೂರರ ಮೇಲೆ 1, ಒಂದರ ಮೇಲೆ 2. ಕಲಸಿ ಇಟ್ಟ ಡೆಕ್ಕಿನಲ್ಲಿ ಮೇಲಿನ ಕಾರ್ಡಿನ ಬೆನ್ನು ಮಾತ್ರ ನಿಮಗೆ ಕಾಣುತ್ತದೆ. ಕೋಲು ಎತ್ತಿದ್ದು ಕಂಡಿತು. ಯಾವಾಗ ಬೀಳುತ್ತದೆ ಅನ್ನುವುದು ಗೊತ್ತಿಲ್ಲ.

ಒಂದು ಸುತ್ತು ಆಡಿ ನೋಡಿ. ಬೆನ್ನು ‘ಭಾರಿ’ ಅನ್ನುತ್ತಿದೆ. ನಾಲ್ಕರಲ್ಲಿ ಮೂರು ಪಾಲು ಏಟು ಮೂರನೇ ಮನೆಗೆ ಬೀಳುತ್ತದೆ. ಹಾಗಂತ ಒಂದು ಮತ್ತು ಎರಡಕ್ಕೆ ಭಾರಿ ಹೊಡೆತ, ಮೂರಕ್ಕೆ ಉರುಳು ಇಟ್ಟಿರಿ. ಸರಿಹೋದರೆ 3 ಏಟು ಕೊಟ್ಟು ತಪ್ಪಿಸಿಕೊಂಡಿರಿ. ಆ ಒಂದು 2 ಬಂದರೆ ನಿಮ್ಮ ಹೊಡೆತವೂ ಹೋಯಿತು, ಎರಡು ಕಾರ್ಡೂ ಹೋಯಿತು. ಹೆದರಿಕೆಯಾದರೆ ಒಂದಕ್ಕೆ ಹೊಡಿ ಇಟ್ಟು, ಎರಡಕ್ಕೂ ಮೂರಕ್ಕೂ ಉರುಳು ಇಡಬಹುದು. ಆಗ ಏಟು ತಾಗುವುದೇ ಇಲ್ಲ. ಆದರೆ ಬಾಸ್‌ಗೆ ಬಿದ್ದದ್ದು 1 ಏಟು, ಮೂರು ಕಾರ್ಡ್ ಖರ್ಚು, ಕೈಯಲ್ಲಿ ಉಳಿದದ್ದು ಒಂದೇ ಉರುಳು. ಮುಂದಿನ ಸುತ್ತಿಗೆ ಏನು ಮಾಡುತ್ತೀರಿ? ಜೋಪಾನವಾಗಿ ಆಡಿದರೂ ಬೆಲೆ ತೆರಬೇಕು. ಇದೇ ಆ ಇಕ್ಕಟ್ಟು.

ಇನ್ನೂ ಸೊಗಸು ಮುಂದಿದೆ. ಎರಡು 3 ಬಂದು ಹೋದವು ಅಂದುಕೊಳ್ಳಿ. ಉಳಿದ ಭಾರಿ ಕಾರ್ಡುಗಳು ಒಂದು 2, ಒಂದು 3. ನಾಲ್ಕರಲ್ಲಿ ಮೂರು ಪಾಲಿದ್ದ ನಂಬಿಕೆ ಈಗ ಅರ್ಧಕ್ಕೆ ಇಳಿಯಿತು. ಅದೇ ಆ 2 ಮೊದಲೇ ಬಂದುಹೋಗಿದ್ದರೆ ಉಳಿದ ಮೂರೂ 3 ಅಂತ ಖಚಿತ, ಧೈರ್ಯವಾಗಿ ನುಗ್ಗಬಹುದು. ಬಂದ ಕಾರ್ಡನ್ನು ನೆನಪಿಟ್ಟವರಿಗೆ ಬಾಸ್ ಅರ್ಥವಾಗುತ್ತಾ ಹೋಗುತ್ತಾನೆ. ವಿಡಿಯೋ ಗೇಮಿನಲ್ಲಿ ಸತ್ತು ಸತ್ತು ಕಲಿಯುವುದನ್ನು ಇಲ್ಲಿ ಎಣಿಸಿ ಕಲಿಯುತ್ತೀರಿ. ಅವನ ಜೀವ 6ಕ್ಕೆ ಇಳಿದಾಗ ‘ಭಾರಿ’ ಬೆನ್ನಿನ ಮೇಲೆ 1 ಅಂತಿರುವ ಎರಡು ಹೊಸ ಕಾರ್ಡ್ ಸೇರಿಸಿ ಡೆಕ್ಕನ್ನು ಪೂರ್ತಿ ಕಲಸಿ. ಎಣಿಕೆಯೆಲ್ಲ ತಲೆಕೆಳಗಾಗುತ್ತದೆ. ಅರ್ಧ ಜೀವ ಹೋದ ಮೇಲೆ ಬಾಸ್‌ಗಳು ಹೇಗೆ ಬದಲಾಗುತ್ತಾರೆ ಅಂತ ನಿಮಗೆ ಹೇಳಬೇಕಿಲ್ಲ.

ಇಬ್ಬರು ಗೆಳೆಯರು ಒಂದೇ ಕಡೆ ಕೂತು ಆಡುವುದಾದರೆ ಇನ್ನೊಂದು ವೀರನ 10 ಕಾರ್ಡ್ ಸೇರಿಸಿ, ಬಾಸ್‌ನ ಜೀವ ಹೆಚ್ಚಿಸಿ. ಹಿಂದಿನ ಸುತ್ತಿನಲ್ಲಿ ಯಾರು ಹೆಚ್ಚು ಏಟು ಕೊಟ್ಟರೋ ಅವರ ಮೇಲೆ ಬಾಸ್ ತಿರುಗಲಿ. ಮೊದಲ ಸುತ್ತಿಗೂ ಸಮವಾದಾಗಲೂ ಯಾರು ಅಂತ ಆಡುವವರೇ ಮೊದಲು ಹೇಳಲಿ. ಎದುರಾಳಿ ಇರಲೇಬೇಕು ಅಂದರೆ ಒಬ್ಬರು ಬಾಸ್ ಆಗಿ ತಮ್ಮ ಕಾರ್ಡನ್ನು ತಾವೇ ಆರಿಸಲಿ. ಆಗ ಆಟ ಮುಖ ನೋಡಿ ಮನಸ್ಸು ಓದುವ ಆಟವಾಗುತ್ತದೆ. ನನಗೆ ಡೆಕ್ಕಿನ ಬಾಸೇ ಇಷ್ಟ. ಎಲ್ಡನ್ ರಿಂಗಿನ ರುಚಿಗೆ ಅದೇ ಹತ್ತಿರ.

ಈ ಅಂಕಿಗಳೆಲ್ಲ ಶುರು ಮಾಡಲು ಮಾತ್ರ. ಆಡಿದ ಮೇಲೆ 12 ಅನ್ನುವುದು 10 ಆಗಬಹುದು, 15 ಆಗಬಹುದು. ಒಂದು ಸಲಕ್ಕೆ ಒಂದೇ ಅಂಕಿ ಬದಲಾಯಿಸಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಬೇಕಾದ ಕಾರ್ಡ್ ಕೈಗೆ ಬರುವುದಿಲ್ಲ ಅಂದಿರಲ್ಲ, ಅದು ಬರೀ ಗಣಿತ. ನಿಮ್ಮ 60ರ ಡೆಕ್ಕಿನಲ್ಲಿ ಬೆಂಕಿ ಮಂತ್ರದ ಕಾರ್ಡ್ ಎರಡಿವೆ, ಶುರುವಿಗೆ ಕೈಗೆ ಬರುವುದು ಐದು. ಆ ಐದರಲ್ಲಿ ಬೆಂಕಿ ಮಂತ್ರ ಒಂದಾದರೂ ಇರುವ ಸಾಧ್ಯತೆ 100ಕ್ಕೆ 16 ಮಾತ್ರ. ಅದೇ ಎರಡು ಕಾರ್ಡ್ 20ರ ಡೆಕ್ಕಿನಲ್ಲಿದ್ದರೆ 100ಕ್ಕೆ ಸುಮಾರು 45. ಮೂರಿದ್ದರೆ 60, ನಾಲ್ಕಿದ್ದರೆ 72. ಮೇಲೆ ಹೇಳಿದ ಆಟದಲ್ಲಿ ಹತ್ತೂ ಕಾರ್ಡ್ ಕೈಯಲ್ಲೇ ಇರುವುದರಿಂದ ಈ ಕಾಟವೇ ಇಲ್ಲ, ಅದೃಷ್ಟವೆಲ್ಲ ಬಾಸ್‌ನ ಡೆಕ್ಕಿನಲ್ಲಿದೆ. ಎಳೆದು ಆಡುವ ಡೆಕ್ಕೇ ಬೇಕು ಅಂದರೆ ಚಿಕ್ಕದು ಮಾಡಿ. 1993ರ ‘ಮ್ಯಾಜಿಕ್: ದ ಗ್ಯಾದರಿಂಗ್’ ಅನ್ನುವ ಕಾರ್ಡ್ ಆಟದಲ್ಲಿ ಮಂತ್ರ ಹಾಕಲು ಬೇಕಾದ ಶಕ್ತಿಗೂ ಕಾರ್ಡ್ ಬರಬೇಕು. ಅದು ಬರದಿದ್ದರೆ ಸುಮ್ನೆ ಕೂರಬೇಕು. 2014ರ ಹಾರ್ತ್‌ಸ್ಟೋನ್ ಅನ್ನುವ ಕಾರ್ಡ್ ಗೇಮ್ ಅದನ್ನು ತೆಗೆದು, ಪ್ರತಿ ಸರದಿಗೂ ಶಕ್ತಿ ಒಂದೊಂದು ಏರಿ ಹತ್ತಕ್ಕೆ ನಿಲ್ಲುವಂತೆ ಮಾಡಿತು. ಹೊಸಬರಿಗೆ ಎರಡನೆಯದೇ ಒಳ್ಳೆಯದು.

ಹಾಗಂತ 140 ಅನ್ನುವ ಅಂಕಿಯೇ ಜಾಸ್ತಿ ಅಂತ ತಿಳಿಯಬೇಡಿ. ದಶಾವತಾರ ಗಂಜೀಫಾ ಅನ್ನುವ ನಮ್ಮ ಹಳೆಯ ಎಲೆ ಆಟದಲ್ಲಿ 120 ಎಲೆ. ಹತ್ತು ಅವತಾರ, ಒಂದೊಂದಕ್ಕೆ 12. ಅದನ್ನು ಆಡಿದವರಿಗೆ ಅಷ್ಟು ಎಲೆ ಭಾರ ಅನ್ನಿಸಲಿಲ್ಲ. ಯಾವ ಅವತಾರ, ಎಷ್ಟನೇ ಎಲೆ ಅಂತ ಎರಡೇ ವಿಷಯ ನೋಡಿದರೆ ಸಾಕಿತ್ತು. ನಿಮ್ಮ ಒಂದೊಂದು ಕಾರ್ಡಿನಲ್ಲೂ ಆರು ಅಂಕಿ, ಕೆಳಗೆ ನಾಲ್ಕು ಸಾಲು ಬರಹ. ಕಾರ್ಡುಗಳನ್ನು ಆಮೇಲೆ ಬೇಕಾದಷ್ಟು ಹೆಚ್ಚಿಸಿ, ಒಂದೊಂದರ ಮೇಲಿನ ಓದು ಕಡಿಮೆಯಿರಲಿ.

ಪರೀಕ್ಷೆಗೆ ಕಂಪ್ಯೂಟರ್ ಮುಂದೆ ಕೂರಬೇಡಿ. ಒಂದು ಕಟ್ಟು ಇಸ್ಪೀಟು ತನ್ನಿ. ಎಲೆಗಳ ಮೇಲೆ ಚೀಟಿ ಅಂಟಿಸಿ, ಪೆನ್ಸಿಲ್‌ನಲ್ಲಿ ಬರೆಯಿರಿ. ಮೊದಲು ಒಬ್ಬರೇ ಆಡಿ. ಆಮೇಲೆ ಗೆಳೆಯರಿಗೆ ಕಲಿಸಿ. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಈ ಗೇಮಿನ ಹೆಸರೂ ಕೇಳದ ಇಬ್ಬರ ಕೈಗೆ ನಿಯಮದ ಹಾಳೆ ಕೊಟ್ಟು ನೀವು ಬಾಯಿ ಮುಚ್ಚಿ ಕೂರಿ. ಅವರು ತಪ್ಪಾಗಿ ಆಡಿದರೂ ತಿದ್ದಬೇಡಿ, ಬರೆದುಕೊಳ್ಳಿ. ಯಾವಾಗ ಫೋನ್ ಕೈಗೆ ತೆಗೆದುಕೊಂಡರು? ‘ಈಗ ಯಾರ ಸರದಿ?’ ಅಂತ ಯಾವಾಗ ಕೇಳಿದರು? ಮುಗಿದ ಮೇಲೆ ಚೆನ್ನಾಗಿತ್ತಾ ಅಂತ ಕೇಳಬೇಡಿ. ಗೆಳೆಯರು ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ, ಅಲ್ವಾ? ಯಾವ ಸುತ್ತಿನಲ್ಲಿ ಸೋತೆ ಅನ್ನಿಸಿತು, ಯಾವ ಕಾರ್ಡನ್ನು ಒಮ್ಮೆಯೂ ಆಡಲಿಲ್ಲ ಅಂತ ಕೇಳಿ. ಯಾರೂ ಆಡದ ಕಾರ್ಡನ್ನು ತೆಗೆದುಹಾಕಿ, ಎಷ್ಟೇ ಚೆಂದದ ಚಿತ್ರವಿದ್ದರೂ ಸರಿ. ಮಂಡಕ್ಕಿ ಮಿರ್ಚಿ ಮಾತ್ರ ಆಟ ಮುಗಿದ ಮೇಲೆ ತರಿಸಿ. ಬೆನ್ನಿನ ಮೇಲೆ ಎಣ್ಣೆ ಗುರುತಾದರೆ ಬಾಸ್‌ನ ಗುಟ್ಟೆಲ್ಲ ಬಯಲು.

ಈಗ ಮಾರುವ ಮಾತು. ಹಾಸ್ಟೆಲ್ ಕೋಣೆಯಲ್ಲಿ ಗೆಳೆಯರ ಜೊತೆ ಆಡಿಕೊಂಡರೆ ಯಾರೂ ಕೇಳುವುದಿಲ್ಲ. ಮಾರಲು ಹೊರಟರೆ ಬೇರೆಯೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರ, ಬರಹ, ಸಾಫ್ಟ್‌ವೇರ್ ಮಾಡಿದವರ ಸೊತ್ತು. ಎಲ್ಡನ್ ರಿಂಗ್ ಅನ್ನುವ ಹೆಸರು, ಗುರುತು, ಮಾರ್ಗಿಟ್‌ನ ರೂಪ ಇವನ್ನೆಲ್ಲ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ. ಏಟಿನ ಗಳಿಗೆಯನ್ನು ಊಹಿಸಿ ಮೂರು ಮನೆಯಲ್ಲಿ ಕಾರ್ಡ್ ಇಡುವುದು ಆಡುವ ವಿಧಾನ. ಅಂಥ ವಿಧಾನಕ್ಕೆ ಕಾಪಿರೈಟ್ ಇಲ್ಲ. ಆದ್ದರಿಂದ ಎಲುಬುಗಳನ್ನು ಉಳಿಸಿಕೊಂಡು ಮೈ ಬದಲಾಯಿಸಿ.

ಮೈ ಎಲ್ಲಿಂದ ತರುವುದು ಅಂತ ಯೋಚನೆ ಬೇಡ. ದಾವಣಗೆರೆಯಿಂದ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಥೆ ನಿಮಗೆ ಗೊತ್ತೇ ಇದೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದ ಓಬವ್ವನಿಗೆ ಕಿಂಡಿಯಲ್ಲಿ ನುಸುಳಿ ಬರುವ ಹೈದರಾಲಿಯ ಸೈನಿಕರು ಕಾಣುತ್ತಾರೆ. ಕೈಯಲ್ಲಿ ಒನಕೆ. ಆಟ ಮಾಡುವವರ ಕಣ್ಣಿನಿಂದ ಆ ಕಿಂಡಿ ನೋಡಿ. ಒಂದು ಸಲಕ್ಕೆ ಒಬ್ಬನೇ ತೂರಬಹುದು. ಅವನು ತಲೆ ಹೊರಗೆ ಹಾಕುವ ಗಳಿಗೆಗೆ ಸರಿಯಾಗಿ ಒನಕೆ ಬೀಳಬೇಕು. ಬಿದ್ದವನನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ಹಿಂದೆ ಬರುವವನಿಗೆ ಗೊತ್ತಾಗುತ್ತದೆ. ಹೊಡೆಯಲು ಒಂದು ಮನೆ, ಎಳೆಯಲು ಒಂದು ಮನೆ, ಉಸಿರು ತೆಗೆದುಕೊಳ್ಳಲು ಒಂದು ಮನೆ. ನಿಮ್ಮ ಮೂರು ಮನೆಗಳು ಅಲ್ಲೇ ಇವೆ! ಎಳೆಯದೆ ಬಿಟ್ಟರೆ ಡೆಕ್ಕಿಗೆ ‘ಎಚ್ಚರಗೊಂಡ ಸೈನಿಕ’ ಅನ್ನುವ ಕಾರ್ಡ್ ಸೇರಲಿ. ಗಂಡ ಊಟ ಮುಗಿಸಿ ಬಂದು ಕಹಳೆ ಊದುವವರೆಗೆ ಇಷ್ಟು ಸುತ್ತು ಅಂತ ಗಡುವು ಇಡಿ. ಇದನ್ನು ಎಲ್ಡನ್ ರಿಂಗ್ ಆಡಿದ ನಿಮ್ಮ ಗೆಳೆಯನೂ ಆಡುತ್ತಾನೆ, ವಿಡಿಯೋ ಗೇಮ್ ಮುಟ್ಟದ ನಿಮ್ಮ ಚಿಕ್ಕಮ್ಮನೂ ಆಡುತ್ತಾರೆ. ನನಗಂತೂ ಈ ಆಟವನ್ನು ನೋಡುವ ಆಸೆ ತುಂಬ ಇದೆ.

ಪ್ರಿಂಟ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಾರ್ಡಿನ ಅಳತೆ 63×88 ಮಿ.ಮೀ. ಇರಲಿ, ಈ ಅಳತೆಗೆ ಕವರ್ ಸುಲಭವಾಗಿ ಸಿಗುತ್ತದೆ. ಎ4 ಹಾಳೆಯಲ್ಲಿ 9 ಕಾರ್ಡ್ ಕೂರುತ್ತವೆ. ಇಬ್ಬರು ವೀರರು, ಒಬ್ಬ ಬಾಸ್ ಸೇರಿ 30 ಕಾರ್ಡಿಗೆ ನಾಲ್ಕು ಹಾಳೆ ಸಾಕು, ಆರು ಕಾರ್ಡಿನ ಜಾಗ ಮಿಗುತ್ತದೆ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಅಂತ ಹೇಳಿದರೆ ಡಿಜಿಟಲ್ ಪ್ರಿಂಟ್ ಮಾಡುವವರಿಗೆ ಅರ್ಥವಾಗುತ್ತದೆ. ಮುಖ್ಯ ಅಂಕಿಯನ್ನು ಎಡಗಡೆ ಮೇಲಿನ ಮೂಲೆಗೆ ಇಡಿ. ಕೈಯಲ್ಲಿ ಕಾರ್ಡ್ ಬಿಡಿಸಿ ಹಿಡಿದಾಗ ಕಾಣುವುದು ಆ ಮೂಲೆಯೇ. ಕನ್ನಡ ಅಕ್ಷರ ಸಣ್ಣದಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ಅಂಟಿಕೊಳ್ಳುತ್ತದೆ, ಸಾಲುಗಳ ನಡುವೆ ಜಾಗ ಬಿಡಿ. ಒಂದೇ ಜಾತಿಯ ಕಾರ್ಡುಗಳ ಬೆನ್ನಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಆಡುವವರು ಗುರುತು ಹಿಡಿಯುತ್ತಾರೆ. ಹಾಗಾಗಿ ಬಾಸ್‌ನ ಡೆಕ್ಕನ್ನು ಪೂರ್ತಿ ಒಂದೇ ಸಲ ಪ್ರಿಂಟ್ ಮಾಡಿಸಿ. ಮೊದಲಿಗೆ ಎರಡೇ ಪ್ರತಿ ಹಾಕಿಸಿ. ಆಟ ಗೊತ್ತಿಲ್ಲದ ಇಬ್ಬರು ನಿಮ್ಮ ಸಹಾಯವಿಲ್ಲದೆ ಪೂರ್ತಿ ಆಡಿ, ಇನ್ನೊಂದು ಆಟಕ್ಕೆ ತಾವೇ ಕಾರ್ಡ್ ಕಲಸಲು ಶುರು ಮಾಡುವವರೆಗೆ ನೂರು ಪ್ರತಿಯ ಆರ್ಡರ್ ಕೊಡಬೇಡಿ.

ಓಬವ್ವನ ಆಟದ ನಿಯಮ ಒಂದು ಹಾಳೆಗೆ ಇಳಿದ ದಿನ ನನಗೂ ಕಳಿಸಿ. ಆಡಿ ನೋಡಿ, ಯಾವ ಅಂಕಿ ಬದಲಾಗಬೇಕು ಅಂತ ಬರೆಯುತ್ತೇನೆ.